ಕಾಗೆ ಎಂಜಲಿನ ಬಾಳೆಹಣ್ಣು

“ಯಾರ್ರೀ ಅದು, ನನ್ ಮೊಮ್ಮಗಳನ್ನ ಹೊರಗೆ ಕೂರ್ಸಿದೋರು?”

ಉಚ್ಚಂಗಮ್ಮನ ಗಂಟಲು ಸಣ್ಣದಲ್ಲ. ಗದ್ದೆಯ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಕೂಗಿ ಪಳಗಿದ ಗಂಟಲು. ಬಿಸಿಯೂಟಕ್ಕೆ ಕುಳಿತ ಮಕ್ಕಳು ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು ತಿರುಗಿದರು. ಸಾಂಬಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಅಡುಗೆಯ ವರದಮ್ಮ ಸೌಟನ್ನು ಬಕೆಟ್ಟಿಗೇ ಬಿಟ್ಟು, ಇದೆಲ್ಲಿಯ ಗಾಳಿ ಬಂತಪ್ಪ ಎನ್ನುವಂತೆ ನೋಡಿದಳು.

ಉಚ್ಚಂಗಮ್ಮ ಬಂದದ್ದು ಜಗಳಕ್ಕಲ್ಲ. ಮೊಮ್ಮಗಳು ಬಿಂದುಶ್ರೀ ಮನೆಯಲ್ಲೇ ಮರೆತಿದ್ದ ನೀರಿನ ಬಾಟಲಿ ಕೊಟ್ಟು ಹೋಗಲು ಬಂದಿದ್ದಳು. ಸೊರಬದ ಕಡೆಯ ಹಳ್ಳಿಯಿಂದ ಮಗಳು ಗಂಗಾಶ್ರೀಯ ಮನೆಗೆ ಬಂದು ಇನ್ನೂ ಒಂದು ವಾರವಷ್ಟೇ ಆಗಿತ್ತು. ಅಳಿಯ ಭತ್ತ ಕೊಯ್ಯುವ ಮಷೀನಿನ ಜೊತೆ ಊರೂರು ತಿರುಗಲು ಹೋಗಿದ್ದ. ಗಂಗಾಶ್ರೀ ಬೆಳಿಗ್ಗೆ ಏಳರ ಬಸ್ಸಿಗೆ ಶಿಕಾರಿಪುರದ ಗಾರ್ಮೆಂಟ್ಸಿಗೆ ಹೋದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಮೂರನೇ ಕ್ಲಾಸಿನ ಮಗುವಿಗೆ ಜಡೆ ಹೆಣೆಯಲು, ಶಾಲೆಯಿಂದ ಬಂದಾಗ ಬಾಗಿಲು ತೆಗೆಯಲು ಒಬ್ಬರು ಬೇಕಿತ್ತು. ಶಿರಾಳಕೊಪ್ಪದಿಂದ ನಾಲ್ಕು ಮೈಲಿ ಆಚೆಯ ಆ ಊರಿನ ಸರ್ಕಾರಿ ಶಾಲೆಯ ಮುಖವನ್ನು ಅವಳು ಕಂಡದ್ದೂ ಅವತ್ತೇ.

ಗೇಟು ದಾಟುವಾಗ ಅವಳಿಗೆ ಖುಷಿಯೇ ಆಗಿತ್ತು. ಉದ್ದನೆಯ ಜಗಲಿಯಲ್ಲಿ ಎದುರುಬದುರು ಎರಡು ಸಾಲು ಮಕ್ಕಳು, ಅನ್ನದ ಹಬೆ, ತಟ್ಟೆಗಳ ಸದ್ದು. ತಾನು ಬೆಳಿಗ್ಗೆ ಕಟ್ಟಿದ ಹಸಿರು ರಿಬ್ಬನ್ನನ್ನು ಹುಡುಕುತ್ತ ಮೊದಲ ಸಾಲು ನೋಡಿದಳು, ಎರಡನೆಯದು ನೋಡಿದಳು, ಮತ್ತೆ ಮೊದಲನೆಯದು. ರಿಬ್ಬನ್ ಸಿಕ್ಕಿದ್ದು ಸಾಲಿನಲ್ಲಲ್ಲ. ಆಫೀಸು ಕೋಣೆಯ ಬಾಗಿಲ ಪಕ್ಕ ಒಂದು ಮೋಟು ಸ್ಟೂಲಿನ ಮೇಲೆ ಬಿಂದುಶ್ರೀ ಒಬ್ಬಳೇ ಕೂತು ಉಣ್ಣುತ್ತಿದ್ದಳು. ತಟ್ಟೆಯ ಅಂಚಿಗೆ ಕೆಂಪು ಬಣ್ಣ ಬಳಿದಿತ್ತು. ಪಕ್ಕದಲ್ಲಿಟ್ಟ ಲೋಟಕ್ಕೂ ಅದೇ ಕೆಂಪು.

ಬೇರೆ ಜಾಗ, ಬೇರೆ ತಟ್ಟೆ, ಬೇರೆ ಲೋಟ. ಉಚ್ಚಂಗಮ್ಮನಿಗೆ ಯಾರೂ ವಿವರಿಸಿ ಹೇಳಬೇಕಾದ ವಿಷಯವಲ್ಲ ಅದು. ಅವಳೂರಿನ ಶಾಲೆಯಲ್ಲಿ ಆಗ ಗೋಧಿನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಕೆಳಗಿನ ಕೇರಿಯ ನಾಲ್ಕು ಮಕ್ಕಳು ಮೆಟ್ಟಿಲ ಬುಡದಲ್ಲಿ ಕೂರಬೇಕು, ಮುತ್ತುಗದ ಎಲೆ ಮನೆಯಿಂದ ತಾವೇ ತರಬೇಕು. ಉಪ್ಪಿಟ್ಟು ಮೇಲಿನಿಂದ ಬೀಳುತ್ತಿತ್ತು; ಎಲೆಗೆ ಬಿದ್ದಷ್ಟು ಅವರದು, ಮಣ್ಣಿಗೆ ಬಿದ್ದಷ್ಟು ಕೋಳಿಯದು. ಅದರ ರುಚಿ ಮಾತ್ರ, ಅಬ್ಬಾ, ಈಗಲೂ ನೆನೆಸಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಆ ನಾಲ್ವರಲ್ಲೊಬ್ಬಳಾಗಿದ್ದ ಉಚ್ಚಂಗಮ್ಮ ಆಸೆಪಟ್ಟದ್ದು ಉಪ್ಪಿಟ್ಟಿಗಲ್ಲ. ಮೇಲೆ ಜಗಲಿಯಲ್ಲಿ ಕುಳಿತವರು ಒಬ್ಬರ ಮೈಗೊಬ್ಬರು ತಾಗಿಕೊಂಡು, ಮೊಣಕೈಯಲ್ಲಿ ತಿವಿದುಕೊಂಡು, ಬಾಯಲ್ಲಿ ತುತ್ತು ಇಟ್ಟುಕೊಂಡೇ ನಗುತ್ತಿದ್ದರಲ್ಲ, ಅದಕ್ಕೆ. ಈ ಕಡೆಗೊಂದು ಭುಜ, ಆ ಕಡೆಗೊಂದು ಭುಜ ಇರುವಲ್ಲಿ ಒಂದು ದಿನ, ಒಂದೇ ಒಂದು ದಿನ ಕೂತು ಉಣ್ಣಬೇಕು ಎಂದು ಅವಳು ಆಸೆಪಟ್ಟಿದ್ದಳು. ಆ ದಿನ ಬರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆಯನ್ನೇ ಬಿಟ್ಟಳು.

“ಹಂಗಲ್ಲ ಬಿಡ್ರೀ ಯಮ್ಮಾ,” ವರದಮ್ಮ ಹತ್ತಿರ ಬಂದಳು. “ಹೆಡ್ ಮೇಡಂ ಇವತ್ತು ಮೀಟಿಂಗಿಗೆ ಶಿಕಾರಿಪುರಕ್ಕೆ ಹೋಗ್ಯಾರ. ಅವರೇ ಹೇಳಿದ್ದು. ಈ ಹುಡುಗಿಗೆ ಶೇಂಗಾ ಆಗಂಗಿಲ್ಲ ಅಂತ…”

“ಶೇಂಗಾ ಆಗಲ್ಲ ಅಂದ್ರೆ ಶೇಂಗಾ ಕೊಡ್ಬೇಡಿ. ಲೋಟಕ್ಕೆ ಎಂತಕ್ಕೆ ಬಣ್ಣ ಬಳ್ದೀರಿ? ಕೂರಕ್ಕೆ ಎಂತಕ್ಕೆ ಬೇರೆ ಜಾಗ? ನಾನು ಕಾಣದ ಆಟನಾ ಇದು? ಕಾಲ ಬದಲಾಗೈತೆ, ಕಾನೂನು ಐತೆ, ತಿಳ್ಕೊಳ್ಳಿ.”

ವರದಮ್ಮ ಮೇಲಿನ ಕೇರಿಯವಳು. ಆ ಮಾತು ಬಂದಮೇಲೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಹೆದರಿಕೆಯೂ ಆಯಿತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸು ಏನನ್ನು ನೆನೆಸಿಕೊಂಡು ಕೂಗುತ್ತಿದ್ದಾಳೆ ಎಂದು ಅವಳಿಗೂ ಗೊತ್ತಿತ್ತು. ತನ್ನ ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಆಳುಗಳಿಗೆಂದು ಬೇರೆ ಲೋಟ ಇಡುತ್ತಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಏಳೇ,” ಎಂದು ಉಚ್ಚಂಗಮ್ಮ ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು.

“ಅಜ್ಜಿ, ಅಮ್ಮ ಬೈತಾಳೆ.”

“ನಿಮ್ಮಮ್ಮಂಗೆ ನಾನು ಹೇಳ್ತೀನಿ. ನಡಿ.”

ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೂಡಲೇ ಒತ್ತಿ ಸರಿದು ಜಾಗ ಮಾಡಿಕೊಟ್ಟಳು. “ಬಾರೇ ಬಿಂದು, ಇಲ್ಲಿ ಬಾ,” ಎಂದು ನೆಲ ತಟ್ಟಿ ಕರೆದಳು. ಅವಳು ತರನ್ನುಮ್, ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟಿರುವ ಗೌಸ್‌ನ ಮಗಳು. ಬೆಳಿಗ್ಗೆ ಪಾಠಕ್ಕೆ, ಸಂಜೆ ಆಟಕ್ಕೆ ಇಬ್ಬರೂ ಅಂಟಿಕೊಂಡೇ ಇರುವವರು. ಊಟದ ಹೊತ್ತಿಗೆ ಮಾತ್ರ ಎರಡು ತಿಂಗಳಿಂದ ಒಬ್ಬಳು ಅಲ್ಲಿ, ಒಬ್ಬಳು ಇಲ್ಲಿ.

ಬಿಂದು ಕೂತಳು. ಕೂತವಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ಹಲ್ಲು ಬಿದ್ದ ಜಾಗ ಕಾಣುವ ಹಾಗೆ ನಕ್ಕಳು. ಉಚ್ಚಂಗಮ್ಮ ಕಂಬಕ್ಕೆ ಒರಗಿ ನಿಂತಳು. ಬಾಟಲಿ ಕೊಟ್ಟಾಗಿತ್ತು, ಇನ್ನು ಹೋಗಬಹುದಿತ್ತು. ಆದರೆ ಕಾಲು ಏಳಲಿಲ್ಲ. ನೋಡಿದಷ್ಟೂ ಸಾಲದು ಎನ್ನಿಸುತ್ತಿತ್ತು.

ಅವತ್ತು ಮೊಟ್ಟೆಯ ದಿನ. ಮೊಟ್ಟೆ ಬೇಡ ಎಂದವರಿಗೆ ಬಾಳೆಹಣ್ಣು, ಇಲ್ಲವಾದರೆ ಶೇಂಗಾ ಚಿಕ್ಕಿ. ಬಿಂದುವಿಗೆ ಬಾಳೆಹಣ್ಣು. ಮೊಟ್ಟೆ ಬೇಸರ ಬಂತೆಂದು ತರನ್ನುಮ್ ಚಿಕ್ಕಿ ಇಸಿದುಕೊಂಡಿದ್ದಳು. ಯೂನಿಫಾರ್ಮಿನ ಲಂಗದ ತುದಿಯಲ್ಲಿ ಚಿಕ್ಕಿ ಸುತ್ತಿ, ಕಟಕ್ಕೆಂದು ಹಲ್ಲಲ್ಲಿ ಮುರಿದು, ಒಂದು ಚೂರನ್ನು ಆಚೆಯವಳಿಗೆ ಕೊಟ್ಟಳು. ಬಿಂದುವಿಗೆ ಕೊಡಲಿಲ್ಲ. ಅಷ್ಟು ಬುದ್ಧಿ ಅವಳಿಗೂ ಇತ್ತು.

“ನಿಂಗೆ ಚಿಕ್ಕಿ ಬ್ಯಾಡ. ನಂಗೆ ನಿನ್ ಬಾಳೆಹಣ್ಣು ಒಂಚೂರು ಕೊಡೇ.”

“ಎಂಜ್ಲಾಗ್ತತಿ.”

“ಕಾಗೆ ಎಂಜ್ಲು ಮಾಡ್ತೀನಿ ತಡಿ.”

ತಿಂಡಿಯನ್ನು ಬಟ್ಟೆಯಲ್ಲಿ ಮುಚ್ಚಿ ಕಚ್ಚಿದರೆ ಎಂಜಲು ಬಟ್ಟೆಗೆ ಹೋಯಿತು, ತಿಂಡಿಗೆ ಅಂಟಲಿಲ್ಲ ಎನ್ನುವುದು ಮಕ್ಕಳ ಕಾನೂನು. ಅದಕ್ಕೆ ಕಾಗೆ ಎಂಜಲು ಎಂದು ಹೆಸರು ಯಾರಿಟ್ಟರೋ. ತರನ್ನುಮ್ ಅದೇ ಲಂಗದ ತುದಿಯನ್ನು ಸುಲಿದ ಬಾಳೆಹಣ್ಣಿಗೆ ಸುತ್ತಿ, ಕಚ್ಚಿ ಮುರಿದು, ತನ್ನ ಪಾಲು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಬಿಂದು ತಿಂದಳು. ಉಚ್ಚಂಗಮ್ಮನ ಕಣ್ಣು ತುಂಬಿ ಬಂತು. ಅವಳ ಇಡೀ ಬಾಲ್ಯದಲ್ಲಿ ಅವಳ ಕೈಯ ಹಣ್ಣಿನಲ್ಲಿ ಪಾಲು ಕೇಳಿದವರು ಒಬ್ಬರೂ ಇರಲಿಲ್ಲ. ಅಯ್ಯೋ ದೇವರೇ, ಇಷ್ಟು ಸಾಕಪ್ಪ ನನಗೆ, ಎಂದುಕೊಂಡು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ತಟ್ಟೆ ತೊಳೆಯಲು ನಲ್ಲಿಯ ಹತ್ತಿರ ಹೋದ ಬಿಂದು ತುಟಿ ಕೆರೆದುಕೊಳ್ಳುತ್ತ ವಾಪಸು ಬಂದಳು. “ಅಜ್ಜಿ, ನಾಲಿಗೆ ತುರಿಸ್ತದೆ.” ನೋಡುನೋಡುತ್ತಿದ್ದಂತೆ ಕತ್ತಿನ ಮೇಲೆ ಗಂಧೆಗಳೆದ್ದವು, ಕೆನ್ನೆ ಊದಿತು, ಕಣ್ಣು ಗೆರೆಯಷ್ಟಾಯಿತು. ಉಚ್ಚಂಗಮ್ಮ ಗಂಧೆ ಕಂಡವಳೇ. ಪಿತ್ತಕ್ಕೆ ಏಳುತ್ತವೆ, ಕರಿ ಕಂಬಳಿಯಲ್ಲಿ ಉಜ್ಜಿದರೆ ಇಳಿಯುತ್ತವೆ. “ಕಂಬ್ಳಿ ತರ್ರೋ ಯಾರಾದ್ರೂ!” ಎಂದು ಕೂಗಿದಳು. ಸಿಗದಿದ್ದಾಗ ತನ್ನ ಒರಟು ಸೆರಗನ್ನೇ ಉಂಡೆ ಮಾಡಿ ಮಗುವಿನ ಬೆನ್ನು ಉಜ್ಜತೊಡಗಿದಳು.

ಬಿಂದು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಸದ್ದು ಬರತೊಡಗಿತು.

“ಕಂಬ್ಳಿ ಅಲ್ಲ ಯಮ್ಮಾ, ಮಗೀಗೆ ಉಸ್ರು ಹತ್ತವಲ್ದು!” ವರದಮ್ಮ ಬಕೆಟ್ಟು ಎಸೆದು ಗೇಟಿನಾಚೆ ಓಡಿದಳು. ಎದುರು ಮನೆ ಹುಚ್ಚರಾಯಪ್ಪನವರದು. ಅವರು ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು, ಮೆಕ್ಕೆಜೋಳದ ವ್ಯಾಪಾರದವರು. ಊಟಕ್ಕೆ ಕೂತವರು ಕೈ ಕೂಡ ತೊಳೆಯದೆ ಓಮ್ನಿ ಹೊರಗೆ ತೆಗೆದರು. ಶಿರಾಳಕೊಪ್ಪದವರೆಗೆ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಉಚ್ಚಂಗಮ್ಮ ಮಗುವನ್ನು ಎದೆಗೆ ಅವುಚಿಕೊಂಡು, ಆ ಸಿಳ್ಳೆ ನಿಂತುಹೋದರೆ ಏನು ಗತಿ ಎಂದು ಕಿವಿಯನ್ನು ಅದರ ಬಾಯಿಗೇ ಇಟ್ಟು ಕೂತಿದ್ದಳು.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿಗೆ ಸಿಳ್ಳೆ ಸಣ್ಣಗಾಯಿತು. ಡಾಕ್ಟರು ಹಣೆ ಒರೆಸಿಕೊಂಡು, “ಇನ್ನು ಹತ್ತು ನಿಮಿಷ ತಡ ಮಾಡಿದ್ರೆ…” ಎಂದು ತಲೆ ಆಡಿಸಿದರು. ಶೇಂಗಾದ ಒಂದು ಹುಡಿ ಸಾಕು, ಯಾವ ಬಟ್ಟೆಯಲ್ಲಿ ಅಂಟಿದ್ದರೂ ಸಾಕು ಎಂದರು. ಲಂಗದ ತುದಿಯಲ್ಲಿ ಚಿಕ್ಕಿ ಮುರಿದದ್ದು, ಅದೇ ತುದಿ ಬಾಳೆಹಣ್ಣಿಗೆ ಸುತ್ತಿದ್ದು ಉಚ್ಚಂಗಮ್ಮನ ಕಣ್ಣ ಮುಂದೆ ಬಂತು. ಅದನ್ನು ಅವಳು ನಿಂತು ನೋಡಿದ್ದಳು. ಸಂತೋಷದಿಂದ ನೋಡಿದ್ದಳು. ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

ಸಂಜೆ ಗಂಗಾಶ್ರೀ ಗಾರ್ಮೆಂಟ್ಸಿನಿಂದ ನೇರ ಆಸ್ಪತ್ರೆಗೆ ಬಂದಳು. ಮಗಳ ಮುಖ ಸವರಿದಳು, ಉಸಿರು ನೋಡಿದಳು, ಆಮೇಲೆ ತಾಯಿಯ ಪಕ್ಕ ನೆಲದ ಮೇಲೆ ಕೂತಳು. ಬೈಯುತ್ತಾಳೆಂದು ಉಚ್ಚಂಗಮ್ಮ ಕಾದಳು. ಬೈದರೆ ಒಳ್ಳೆಯದಿತ್ತು.

“ನಾನೇ ಬರ್ದು ಕೊಟ್ಟಿದ್ದೆ ಅವ್ವ,” ಎಂದಳು ಗಂಗಾಶ್ರೀ. “ನನ್ ಮಗಳನ್ನ ಬೇರೆ ಕೂರ್ಸಿ, ಬೇರೆ ತಟ್ಟೆ ಕೊಡಿ, ಬೇರೆ ಲೋಟ ಇಡಿ ಅಂತ. ಆ ಕೆಂಪು ನಾನೇ ಬಳ್ದಿದ್ದು. ನನ್ ಉಗುರಿನ ಬಣ್ಣ ಅದು.”

“ನಂಗೆ ಒಂದ್ ಮಾತು ಎಂತಕ್ಕೆ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ? ನಿನ್ನ ಮೆಟ್ಟಿಲಿನ ಕಥೆ ಕೇಳ್ಕೊಂಡೇ ಬೆಳ್ದೋಳು ನಾನು. ಆ ಕಾಗದ ಬರೆಯೋವಾಗ ಎಷ್ಟ್ ಸಲ ಹರ್ದು ಹಾಕೀನಿ ಗೊತ್ತಾ? ಯಾವಳಾದ್ರೂ ತಾಯಿ ತನ್ ಕೈಯಾರೆ ಬರ್ದುಕೊಡೋ ಮಾತಾ ಅದು? ಆದ್ರೂ ಬರ್ದೆ. ಇವಳ ಉಸಿರು ದೊಡ್ಡದು ಅವ್ವ.”

ಉಚ್ಚಂಗಮ್ಮ ಮಗಳ ಕೈ ಹಿಡಿದುಕೊಂಡಳು.

ನಾಲ್ಕು ದಿನ ಬಿಟ್ಟು ಬಿಂದು ಶಾಲೆಗೆ ಹೋದಾಗ ಆ ಕೆಂಪು ಅಂಚಿನ ತಟ್ಟೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು ತೆಗೆದುಕೊಂಡು ಹೋದವಳು ಉಚ್ಚಂಗಮ್ಮನೇ. ಸ್ಟೂಲನ್ನು ಒರೆಸಿ ಮೊಮ್ಮಗಳನ್ನು ಕೂರಿಸಿದಳು. ಆಮೇಲೆ ಅಡುಗೆ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ವರದಮ್ಮ, ಅವತ್ತು ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ.”

“ಬಿಡ್ರೀ ಯಮ್ಮಾ, ಮಗಾ ಉಳೀತಲ್ಲ,” ಎಂದಳು ವರದಮ್ಮ. ಅಕ್ಕಿ ಆರಿಸುತ್ತ ತಲೆ ಎತ್ತದೆ, “ನಿಮ್ಮ ಜಾಗದಾಗ ನಾನಿದ್ರೂ ಹಂಗೇ ತಿಳ್ಕೊಂತಿದ್ದೆ,” ಎಂದು ಸೇರಿಸಿದಳು.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಉಸಿರಿದ್ದರೆ ಸಾಕು, ಸಾಲು ಯಾರಿಗೆ ಬೇಕು ಎಂದು ಉಚ್ಚಂಗಮ್ಮ ತನ್ನ ಮನಸ್ಸಿಗೆ ಬುದ್ಧಿ ಹೇಳಿಕೊಂಡೂ ಆಗಿತ್ತು. ಆದರೆ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ನಡುಮನೆಯ ಕಡೆ ಇಣುಕಿದರೆ, ಬಿಂದು ಅಡುಗೆಮನೆಯ ಮುಚ್ಚಳಗಳನ್ನೆಲ್ಲ ತಂದು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದಳು. ಒಂದೊಂದು ಮುಚ್ಚಳಕ್ಕೂ ಒಂದೊಂದು ಹೆಸರು. ಎಲ್ಲದಕ್ಕೂ ನಾಲ್ಕು ನಾಲ್ಕು ಕಾಳು ಅಕ್ಕಿ ಬಡಿಸಿಕೊಂಡು ಹೋಗಿ, ನಡುವೆ ಬಿಟ್ಟಿದ್ದ ಜಾಗದಲ್ಲಿ ಬಂದು ಕೂತು, ಆಚೆ ಈಚೆಯ ಮುಚ್ಚಳಗಳ ಜೊತೆ ಪಿಸುಪಿಸು ಮಾತಾಡತೊಡಗಿದಳು.

“ತರನ್ನುಮ್‌ನ ಕರ್ಕೊಂಡು ಬಂದು ಆಡ್ಬಾರ್ದೇನೇ?”

“ಅವಳು ಬರಲ್ಲ ಅಜ್ಜಿ. ಈಗ ಪಾಠದಲ್ಲೂ ದೂರ ಕೂರ್ತಾಳೆ. ನನ್ನ ಮುಟ್ಟಿದ್ರೆ ನಾನು ಸತ್ತೋಗ್ತೀನಿ ಅಂತ ಹೆದ್ರಿಕೆ ಅವಳಿಗೆ.”

ಬಿಂದು ಅದನ್ನು ಹೇಳಿದ್ದು ಅಳುತ್ತ ಅಲ್ಲ, ಹೊರಗೆ ಬಿಸಿಲಿದೆ ಎನ್ನುವ ಹಾಗೆ. ಹಂಚಿನ ಮೇಲಿನ ರೊಟ್ಟಿ ಕರಕಲಾದದ್ದು ಉಚ್ಚಂಗಮ್ಮನಿಗೆ ಗೊತ್ತಾಗಲಿಲ್ಲ. ಈ ಹುಡುಗಿ ಇದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ, ನನ್ನ ಹಾಗೆಯೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎಂಬುದು ಅವಳಿಗೆ ಹೊಳೆಯಿತು. ಅಭ್ಯಾಸವಾದ ಮೇಲೆ ಐವತ್ತು ವರ್ಷವಾದರೂ ಅದು ಬಿಡುವುದಿಲ್ಲ.

ಮುಂದಿನ ಶನಿವಾರ ಪಾಲಕರ ಸಭೆ. ಗಂಗಾಶ್ರೀಗೆ ರಜೆ ಸಿಗಲಿಲ್ಲ, ಉಚ್ಚಂಗಮ್ಮ ಹೋದಳು. ಹೆಡ್ ಮೇಡಂ ಜ್ಯೋತಿಲಕ್ಷ್ಮಿ ನಡೆದದ್ದನ್ನೆಲ್ಲ ಹೇಳಿ, ಶಾಲೆಯೊಳಗೆ ಶೇಂಗಾವೇ ಬೇಡ ಎಂದು ಮಾಡೋಣವೇ ಎಂದು ಕೇಳಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಬಿಸಿಯೂಟದ ಜೊತೆಗೆಂದು ಕಟ್ಟುವ ರೊಟ್ಟಿ ಡಬ್ಬಿಗೆ ಶೇಂಗಾ ಚಟ್ನಿಪುಡಿ ಹಾಕದಿದ್ದರೆ ಹೇಗೆ ಎಂದಳು ಒಬ್ಬಳು. ಒಂದು ಮಗುವಿಗೋಸ್ಕರ ನೂರು ಮಕ್ಕಳ ಬಾಯಿ ಕಟ್ಟುತ್ತೀರಾ ಎಂದ ಇನ್ನೊಬ್ಬ.

ಹುಚ್ಚರಾಯಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. “ನೋಡ್ರೀ ಮೇಡಂ, ಆ ಮಗೀನ ಮ್ಯಾಲೆ ನಮಗೇನು ಸಿಟ್ಟಿಲ್ಲ. ಆದ್ರ ನಮ್ಮನಿ ಹುಡುಗ ಮೊಟ್ಟಿ ಮುಟ್ಟಂಗಿಲ್ಲ, ಬಾಳೆಹಣ್ಣು ತಿಂದ್ರ ಶೀತ. ಅವಂಗೆ ಇರೋದು ಅದೊಂದು ಚಿಕ್ಕಿ. ಅದನ್ನೂ ಕಸ್ಕೊಂಡ್ರ ಹೆಂಗ?”

ಉಚ್ಚಂಗಮ್ಮ ಎದ್ದು ನಿಂತಳು. ಅವತ್ತು ಜಗಲಿಯನ್ನೇ ನಡುಗಿಸಿದ ಗಂಟಲು ಇವತ್ತು ಏಳಲೊಲ್ಲದು. “ಗೌಡ್ರೇ, ನೀವು ಅವತ್ತು ಉಣ್ಣೋ ಕೈಯಲ್ಲೇ ಗಾಡಿ ಓಡಿಸ್ದೆ ಇದ್ರೆ ನಂಗೆ ಮೊಮ್ಮಗಳಿರ್ತಿರ್ಲಿಲ್ಲ. ನಿಮ್ಮನೆ ಹುಡುಗನ ಚಿಕ್ಕಿ ನಾನು ಕಿತ್ಕೊಳ್ಳಲ್ಲ. ಅವನು ತಿನ್ಲಿ. ಚಿಕ್ಕಿ ತಿನ್ನೋ ಮಕ್ಳೆಲ್ಲ ಆ ಆಫೀಸಿನ ಬಾಗ್ಲ ಹತ್ರ ಕೂತು ತಿನ್ಲಿ. ತಿಂದು, ಕೈಬಾಯಿ ತೊಳ್ಕೊಂಡು, ಬಟ್ಟೆ ಕೊಡವ್ಕೊಂಡು ಸಾಲಿಗೆ ಬರ್ಲಿ. ಬಿಂದು ಸಾಲಲ್ಲಿ ಕೂರ್ಲಿ.”

“ಅದೆಂಗಾಗ್ತತಿ? ನಮ್ ಮಕ್ಳು ಯಾಕ ಹೊರಗ ಕುಂದರ್ಬೇಕು?”

ಹುಚ್ಚರಾಯಪ್ಪನವರ ಮಾತು ಥಟ್ಟನೆ ಬಂದಿತ್ತು. ಬಂದಮೇಲೆ ಅವರ ಕಿವಿಗೂ ಬಿತ್ತು. ಅವರು ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡರು. ಯಾರೋ ಕೆಮ್ಮಿದರು. ಅನ್ನಬೇಕಾದದ್ದು ಉಚ್ಚಂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು, ಐವತ್ತು ವರ್ಷದ ಹಿಂದಿನದೆಲ್ಲ ಬಂದಿತ್ತು. ಅದನ್ನು ನುಂಗಿಕೊಂಡಳು.

“ಚಿಕ್ಕಿ ಸಂಜಿಗೆ ಕೊಡೋಣು,” ಬಾಗಿಲ ಹತ್ತಿರ ನಿಂತಿದ್ದ ವರದಮ್ಮ ಹೇಳಿದಳು. “ಲಾಂಗ್ ಬೆಲ್ ಆದಮ್ಯಾಲೆ ಗೇಟಿನಾಗ ನಿಂತು ನಾನೇ ಕೈಗೆ ಇಡ್ತೀನಿ. ಮನಿಗೆ ಹೋಗಿ ತಿನ್ಲಿ. ಚಟ್ನಿಪುಡಿ ಇಲ್ದಿದ್ರ ನಾನು ಸಾಂಬಾರ್ ಜಾಸ್ತಿ ಹಾಕ್ತೀನಿ. ಯಾರ್ದೂ ಏನೂ ಹೋಗಂಗಿಲ್ಲ.”

ಹುಚ್ಚರಾಯಪ್ಪನವರು ಬಗ್ಗಿಸಿದ ತಲೆಯನ್ನು ಹಾಗೇ ಆಡಿಸಿ, “ಆತು, ಹಂಗೇ ಮಾಡ್ರಿ,” ಎಂದರು.

“ಮನೆಯಾಗ ತಿಂದು ಬರೋದಕ್ಕೇನ್ ಮಾಡ್ತೀರಿ?” ಹಿಂದಿನಿಂದ ಒಬ್ಬಳು ಕೊಂಕು ತೆಗೆದಳು. “ದಿನಾ ಎಲ್ಲರ ಕೈ ಹಿಡ್ದು ಮೂಸೋರು ಯಾರು?”

“ನಾನ್ ಮೂಸ್ತೀನಿ ಮೇಡಂ!”

ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ತರನ್ನುಮ್ ನಿಂತಿದ್ದಳು. ಸಭೆಯಲ್ಲಿ ತನ್ನ ಹೆಸರು ಬರುತ್ತದೆ, ತನ್ನನ್ನು ಶಾಲೆ ಬಿಡಿಸುತ್ತಾರೆ ಎಂದು ಹೆದರಿ ಅವಳು ಅಷ್ಟು ಹೊತ್ತೂ ಅಲ್ಲೇ ಕದ್ದು ಕೇಳುತ್ತಿದ್ದಳಂತೆ. “ನಾನು ಚಿಕ್ಕಿ ಕೊಟ್ಟಿದ್ದಿಲ್ಲ ಮೇಡಂ, ಖರೇನೂ ಕೊಟ್ಟಿದ್ದಿಲ್ಲ. ಕಾಗೆ ಎಂಜ್ಲು ಮಾಡಿದ್ರ ಏನೂ ಅಂಟಂಗಿಲ್ಲ ಅಂದ್ಕೊಂಡಿದ್ದೆ. ಇನ್ಮ್ಯಾಲೆ ನಾನೇ ಎಲ್ಲಾರ್ ಕೈ ಮೂಸ್ತೀನಿ. ನನ್ ಮೂಗು ಭಾಳ ಚುರುಕೈತಿ.” ಮೊದಲು ನಕ್ಕವರು ಹುಚ್ಚರಾಯಪ್ಪನವರು. ಆಮೇಲೆ ಎಲ್ಲರೂ ನಕ್ಕರು. ಜ್ಯೋತಿಲಕ್ಷ್ಮಿ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಹೀಗೆ ಆ ಶಾಲೆಯ ಮಕ್ಕಳ ಮಂತ್ರಿಮಂಡಲದಲ್ಲಿ ಹೊಸದೊಂದು ಖಾತೆ ಹುಟ್ಟಿಕೊಂಡಿತು. ಆರೋಗ್ಯ ಮಂತ್ರಿ, ಆಹಾರ ಮಂತ್ರಿಗಳೆಲ್ಲ ಏಳನೇ ಕ್ಲಾಸಿನ ದೊಡ್ಡ ಮಕ್ಕಳು. ಮೂರನೇ ಕ್ಲಾಸಿನ ತರನ್ನುಮ್‌ಗೆ ಮಕ್ಕಳೇ ಕೈ ಮಂತ್ರಿ ಎಂದು ಹೆಸರಿಟ್ಟರು. ಊಟದ ಬೆಲ್ ಆದ ಕೂಡಲೇ ಜಗಲಿಯ ಮೆಟ್ಟಿಲ ಮೇಲೆ ಅವಳು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ಸೋಪು ಹಾಕಿ ತೊಳೆದು ಬಂದವರ ಕೈಯನ್ನು ಮೂಗಿನ ಹತ್ತಿರ ತಂದುಕೊಂಡು, ಸರಿ ಇದ್ದರೆ ಒಳಗೆ, ಇಲ್ಲದಿದ್ದರೆ ಮತ್ತೆ ನಲ್ಲಿಗೆ. ಒಮ್ಮೆ ಏಳನೇ ಕ್ಲಾಸಿನ ಆಹಾರ ಮಂತ್ರಿಯನ್ನೇ ಎರಡು ಸಲ ವಾಪಸು ಕಳಿಸಿದಳಂತೆ. ಮೊದಲ ದಿನ ಬಿಂದು ಸಾಲಿಗೆ ಬಂದಾಗ ಮಾತ್ರ ಅವಳ ಕೈ ಮೂಸುವ ನೆಪದಲ್ಲಿ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದಳೆಂದು ವರದಮ್ಮ ಹೇಳಿ ಹೇಳಿ ನಗುತ್ತಿದ್ದಳು. ಇದನ್ನೆಲ್ಲ ಉಚ್ಚಂಗಮ್ಮ ಕೇಳಿದ್ದು ಬಾಯಿಂದ ಬಾಯಿಗೆ. ತಾನು ಮತ್ತೆ ಆ ಕಡೆ ಹೋದರೆ ಏನಾದರೂ ಎಡವಟ್ಟಾದೀತೆಂದು ಹೆದರಿ ಅವಳು ಶಾಲೆಯ ಹತ್ತಿರ ಸುಳಿದಿರಲಿಲ್ಲ.

ಅಳಿಯ ವಾಪಸು ಬಂದ ಮರುದಿನ ಅವಳು ಊರಿಗೆ ಹೊರಟಳು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಶಾಲೆಯ ಮುಂದೆಯೇ. ಗೇಟಿನಾಚೆ ನಿಂತು ಒಂದು ಸಲ ನೋಡಿಕೊಂಡು ಹೋದರಾಯಿತು ಎಂದುಕೊಂಡಳು. ಊಟದ ಹೊತ್ತು. ಎರಡು ಸಾಲು. ಹಸಿರು ರಿಬ್ಬನ್ ಎರಡನೆಯ ಸಾಲಿನಲ್ಲಿ ನಡುವೆ ಕಾಣಿಸಿತು. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಬಿಂದು ಕುಲುಕುಲು ನಗುತ್ತಿದ್ದಳು. ಒಂದು ಸಲ ಈ ಕಡೆ ತಿರುಗಲಿ ಎಂದು ಉಚ್ಚಂಗಮ್ಮ ಕಾದಳು. ಮಗು ತಿರುಗಲಿಲ್ಲ. ಅವಳಿಗೆ ಬಿಡುವೇ ಇರಲಿಲ್ಲ.

“ಯಮ್ಮಾ, ಅಲ್ಯಾಕ ನಿಂತೀರಿ? ಬರ್ರಿ ಒಳಗ!” ವರದಮ್ಮ ಸೌಟು ಎತ್ತಿ ಕರೆದಳು. “ಬಸ್ಸಿಗೆ ಇನ್ನೂ ಹೊತ್ತೈತಿ. ಒಂದ್ ತುತ್ತು ಉಂಡು ಹೋಗ್ರಿ.”

“ಮಕ್ಳೂಟ ಅದು. ನಾನೆಂತಕ್ಕೆ?”

“ಮನಿಯವರು ಬಂದು ರುಚಿ ನೋಡ್ಬೇಕಂತ ಸರ್ಕಾರದ ರೂಲ್ಸೇ ಐತಿ. ಬರ್ರಿ, ಬರ್ರಿ.”

ಉಚ್ಚಂಗಮ್ಮ ಒಳಗೆ ಬಂದಳು. ಚೀಲವನ್ನು ಗೋಡೆಗೆ ಒರಗಿಸಿಟ್ಟು, ನಲ್ಲಿಯಲ್ಲಿ ಕೈ ತೊಳೆದಳು. ಸೋಪು ಹಾಕಿ ಇನ್ನೊಮ್ಮೆ ತೊಳೆದಳು. ಸೆರಗಿಗೆ ಒರೆಸಿಕೊಳ್ಳಲು ಹೋದವಳು, ಸೆರಗಿನಲ್ಲಿ ಏನಿದೆಯೋ ಏನೋ ಎಂದು ಹಾಗೇ ಕೊಡವಿಕೊಂಡಳು. ಜಗಲಿಯ ಹತ್ತಿರ ಬಂದು ಸಣ್ಣ ಮಕ್ಕಳ ಹಿಂದೆ ನಿಂತಳು. ತಟ್ಟೆ ಹಿಡಿದ ಮಕ್ಕಳು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಅವಳ ಸರದಿ ಬಂತು.

“ಕೈ,” ಎಂದಳು ತರನ್ನುಮ್.

ಉಚ್ಚಂಗಮ್ಮ ತಡವರಿಸಿದಳು. ಕುಡುಗೋಲಿನ ಗಾಯದ ಗುರುತು, ಒಡೆದ ಅಂಗೈ, ಎಲೆಅಡಿಕೆಯ ಕರೆ. “ನಂದೂ ನೋಡ್ತೀಯೇನೇ ಮಗಾ?”

“ಎಲ್ಲಾರ್ದೂ ನೋಡ್ತೀನಿ ಅಜ್ಜಿ. ರೂಲ್ಸ್ ಅಂದ್ರ ರೂಲ್ಸ್. ಚಾಚ್ರಿ.”

ಅವಳು ಎರಡೂ ಕೈ ಚಾಚಿದಳು. ತರನ್ನುಮ್ ತನ್ನ ಪುಟ್ಟ ಕೈಗಳಲ್ಲಿ ಅವನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅಂಗೈ ನೋಡಿದಳು, ಹೊರಳಿಸಿ ಹಿಂಗೈ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿಕೊಂಡು ಮೂಸಿದಳು. ಬಿಸಿ ಉಸಿರು ಬೆರಳಿಗೆ ತಾಗಿತು.

“ಎಲಿಅಡಿಕಿ ವಾಸ್ನಿ. ಸುಣ್ಣದ್ದು. ಶೇಂಗಾ ಇಲ್ಲ,” ಎಂದು ತೀರ್ಪು ಕೊಟ್ಟಳು. “ಹೋಗ್ರಿ ಅಜ್ಜಿ, ಕುಂದರ್ರಿ.”

ಉಚ್ಚಂಗಮ್ಮ ನಿಂತಲ್ಲೇ ನಿಂತಿದ್ದಳು. ಹಿಂದಿನಿಂದ ಯಾರದೋ ತಟ್ಟೆ ಅವಳ ಸೊಂಟಕ್ಕೆ ತಾಗಿತು.

“ಅಜ್ಜಿ, ಆತು. ಮುಂದಕ್ಕ ಹೋಗ್ರಿ, ಹಿಂದ ಇನ್ನೂ ಲೈನೈತಿ.”

ಉಚ್ಚಂಗಮ್ಮನ ಎರಡೂ ಕೈ ಇನ್ನೂ ಆ ಹುಡುಗಿಯ ಕೈಯಲ್ಲೇ ಇದ್ದವು.